ಟವಲ್ ಹಾಕಿದ ಸೀಟು

"ಬುದ್ಧೀ, ಬಸ್ಸಲ್ಲಿ ಕೂರೋ ಜನಕ್ಕೆ ಮರ್ಯಾದೆ ಅನ್ನೋದು ಯಾಕಿಲ್ಲ? ಹೇಳಿ ಬುದ್ಧೀ, ಯಾಕಿಲ್ಲ?"

ಮಠದ ಜಗಲಿ ಹತ್ತೋಕೂ ಮುಂಚೆನೇ ಕೇಳ್ಬಿಟ್ಟೆ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಕೋಲು ಹಿಡಿದ ತಾತ ಒಬ್ಬರು ದಾರಿಯುದ್ದಕ್ಕೂ ನಿಂತ್ಕೊಂಡೇ ಬಂದ್ರು, ಎಲ್ರೂ ಮೊಬೈಲ್ ನೋಡ್ಕೊಂಡು ಕೂತಿದ್ರು, ಒಬ್ಬನಾದ್ರೂ ಏಳ್ಬೇಕಲ್ವಾ! "ನಾನು ಸುಮ್ನೆ ಬಿಡ್ಲಿಲ್ಲ ಬುದ್ಧೀ, ಕೂತಲ್ಲಿಂದ್ಲೇ ಡ್ರೈವರಿಗೂ ಕೇಳೋ ಹಾಗೆ ಬೈದೆ!" ಅಂದೆ.

"ನೀರು ಕುಡಿಯೋ, ಮರುಳಸಿದ್ದ" ಅಂದ್ರು ಬುದ್ಧಿಯವರು, ನಮ್ಮ ಮಠದ ಸ್ವಾಮಿಗಳು. ಕುಡಿದೆ. ಆಮೇಲೆ ಈ ಕತೆ ಹೇಳಿದ್ರು.

ಒಂದು ಬಸ್ಸು. ಸಂತೆ ದಿನ. ನಲವತ್ತು ಸೀಟಲ್ಲಿ ನಲವತ್ತು ಜನ. ಇನ್ನೊಂದು ಸೀಟಲ್ಲಿ ಮಾತ್ರ ಟವಲ್. ಯಾರೋ ಹೊರಗಡೆಯಿಂದ ಕಿಟಕಿಯೊಳಕ್ಕೆ ತೂರಿ ಸೀಟು ಹಿಡಿದಿದ್ರು. ಟವಲ್ ಬಿದ್ದ ಸೀಟಲ್ಲಿ ಬೇರೆಯವರು ಕೂರೋ ಹಾಗಿಲ್ಲ. ಇದು ಎಲ್ರಿಗೂ ಗೊತ್ತು.

ಮುಂದಿನ ಊರಲ್ಲಿ ಒಬ್ಬ ಬಸುರಿ ಹತ್ತಿದಳು. ಎಂಟು ತಿಂಗಳು, ಕಾಲು ಊದಿತ್ತು. ಆಸ್ಪತ್ರೆಗೆ ಹೊರಟಿದ್ದಳು. ಹೆರಿಗೆ ಡಾಕ್ಟರು ಬರೋದು ವಾರಕ್ಕೊಂದೇ ದಿನ, ಅದೂ ಮಧ್ಯಾಹ್ನದವರೆಗೆ. ಕಂಬಿ ಹಿಡ್ಕೊಂಡು ನಿಂತಳು.

ಹಿಂದಿನ ಸೀಟಲ್ಲಿ ಒಬ್ಬ ವ್ಯಾಪಾರಿ ಕೂತಿದ್ದ. ಅವನು ನೋಡಿದ, ಕೆಂಡವಾದ.

"ಯಾರ್ರೀ ಅದು ಟವಲ್ ಹಾಕಿರೋದು? ಬಸುರಿ ಹೆಣ್ಣುಮಗಳು ನಿಂತಿದ್ದಾಳೆ, ಬಟ್ಟೆ ರಾಜನ ಹಾಗೆ ಕೂತಿದೆ! ನಾಚಿಕೆ ಆಗಲ್ವಾ?"

ಎಲ್ರೂ ಕತ್ತು ಹೊರಳಿಸಿ ಟವಲ್ ಹಾಕಿದವನನ್ನ ಹುಡುಕಿದರು.

"ತೆಗೆದು ಕೂತ್ಕೊಳ್ಳವ್ವಾ" ಅಂದ ಒಬ್ಬ ರೈತ.

"ಮುಟ್ಬೇಡಿ!" ವ್ಯಾಪಾರಿ ಕೂಗಿದ. "ಟವಲ್ ಅಲ್ಲೇ ಇರ್ಲಿ. ತೆಗೆದ್ರೆ ಆ ಗಿರಾಕಿ ನಂದಲ್ಲ ಅಂತ ಜಾರಿಕೊಳ್ತಾನೆ. ಬರ್ಲಿ ಅವನು, ಎಲ್ರ ಮುಂದೆ ಅವನ ಮಾನ ತೆಗೀತೀನಿ!"

"ತೆಗೀಲೇಬೇಕು! ಬಿಡಬಾರದು!" ಅಂತು ಬಸ್ಸು. ಮುಂದೆ ಕೂತವರು ಹಿಂದಕ್ಕೆ ತಿರುಗಿ ಬೈದರು, ಹಿಂದೆ ಕೂತವರು ಮುಂದಕ್ಕೆ ಬಗ್ಗಿ ಬೈದರು. ಕಂಡಕ್ಟರ್ ಕೂಡ ಟಿಕೆಟ್ ಹರಿಯೋದು ಬಿಟ್ಟು ಬೈದ. "ನಂಗೇನು ಜಗಳ ಬೇಡ ಅಣ್ಣಾ" ಅಂದಳು ಬಸುರಿ. ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಎಂಟು ಕಿಲೋಮೀಟರ್ ಹೀಗೇ ಆಯ್ತು. ಅವಳಿಗೆ ತಲೆ ಸುತ್ತು ಬಂತು. "ಇಲ್ಲೇ ಇಳಿಸಿಬಿಡಿ" ಅಂದಳು. ಕಂಡಕ್ಟರ್ ಸೀಟಿ ಊದಿದ. ಊರಿಲ್ಲ, ನೆರಳಿಲ್ಲ, ಅಂಥ ಕಡೆ ಇಳಿದು ಮೈಲಿಗಲ್ಲಿಗೆ ಒರಗಿ ಕೂತಳು. ಮುಂದಿನ ಬಸ್ಸು ಮಧ್ಯಾಹ್ನ ಕಳೆದ ಮೇಲೆ.

ನಂಗೆ ತಡೆಯೋಕಾಗಲಿಲ್ಲ. "ಜೊತೆಗೆ ಒಬ್ರೂ ಇಳೀಲಿಲ್ವಾ ಬುದ್ಧೀ?"

"ಇಲ್ಲಪ್ಪ. ಅವಳು ಇಳಿದ ಮೇಲೆ ಬೈಗುಳ ಇನ್ನೂ ಜೋರಾಯ್ತು. ಪಾಪ, ಇಂಥವನಿಂದ ಅವಳಿಗೆ ಹೀಗಾಯ್ತಲ್ಲ ಅಂತ."

ಕೂಗಾಡಿ ವ್ಯಾಪಾರಿ ಬೆವೆತು ಹೋದ. ಮುಖ ಒರೆಸಿಕೊಳ್ಳೋಕೆ ಹೆಗಲಿಗೆ ಕೈ ಹಾಕಿದ. ಹೆಗಲು ಖಾಲಿ! ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವಲ್ ತೂರಿದವನು ಅವನೇ. ನೂಕಾಟದಲ್ಲಿ ಹಿಂದಿನ ಬಾಗಿಲಿಂದ ಹತ್ತಿದ್ದ, ಅಲ್ಲೇ ಒಂದು ಸೀಟು ಸಿಕ್ಕಿತ್ತು, ಕೂತಿದ್ದ. ಟವಲ್ ವಿಷಯ ಮರೆತೇಬಿಟ್ಟಿದ್ದ.

ನಾನು ಕೂತಲ್ಲಿಂದ ಎದ್ದೇ ಬಿಟ್ಟೆ. "ಸಿಕ್ಕಿದ ನೋಡಿ ಕಳ್ಳ! ಎಲ್ಲಾ ಆ ಒಬ್ಬನದೇ ತಪ್ಪು ಬುದ್ಧೀ! ಅವನೊಬ್ಬ ಇಲ್ದಿದ್ರೆ ಆ ತಾಯಿ ಆಸ್ಪತ್ರೆ ಸೇರ್ತಿದ್ಲು! ಛೆ, ಆ ಬಸ್ಸಲ್ಲಿ ನಾನಿರಬೇಕಿತ್ತು, ಅವನಿಗೆ..."

ಬುದ್ಧಿಯವರು ನನ್ನನ್ನೇ ನೋಡಿದರು.

"ಟವಲ್ ಹಿಡಿದಿದ್ದು ಒಂದೇ ಸೀಟು ಕಣಪ್ಪಾ, ಉಳಿದ ನಲವತ್ತನ್ನೂ ಹಿಡಿದಿದ್ದು ಸಿಟ್ಟು."