ದಾದಿಯ ಮೊದಲ ರೋಗಿ

"ಗುರುಗಳೇ, ಬೇರೆ ಊರಿಗೆ ಹೋಗಿ ಒಬ್ಬಳೇ ಚಿಕಿತ್ಸೆ ನಡೆಸಬೇಕೆಂದಿದ್ದೇನೆ. ಕಲಿಯುವುದು ಇನ್ನೂ ಏನಾದರೂ ಉಳಿದಿದೆಯೇ?" ಎಂದು ಶಿಷ್ಯೆ ಕೇಳಿದಳು. ಏನೂ ಉಳಿದಿಲ್ಲವೆಂಬ ಉತ್ತರ ಅವಳ ಮುಖದಲ್ಲೇ ಇತ್ತು. ಗುರುಗಳು ಕತೆ ಹೇಳಿದರು.

ಒಬ್ಬ ವೈದ್ಯನ ಬಳಿ ಒಬ್ಬ ದಾದಿ ಹನ್ನೆರಡು ವರ್ಷ ದುಡಿದಳು. ಗಾಯ ಕಟ್ಟುವುದು, ಜ್ವರ ಇಳಿಸುವುದು, ಹೆರಿಗೆ ಮಾಡಿಸುವುದು, ಎಲ್ಲದರಲ್ಲೂ ಅವಳದು ಎತ್ತಿದ ಕೈ. ಕೈಮೀರಿದ ರೋಗಿ ಬಂದಾಗ ಮಾತ್ರ ವೈದ್ಯನೇ ಮುಂದೆ ಬಂದು, "ಇದು ನಮ್ಮಿಂದಾಗದು, ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಿರಿ" ಎನ್ನುತ್ತಿದ್ದ. ಆ ಮಾತು ಹೇಳುವ ಕಷ್ಟ ಅವಳ ಪಾಲಿಗೆ ಒಮ್ಮೆಯೂ ಬರಲಿಲ್ಲ. ಪುಣ್ಯಾತ್ಮ, ಅದೊಂದನ್ನು ತನ್ನಲ್ಲೇ ಇಟ್ಟುಕೊಂಡ.

ಅವನ ಆಶೀರ್ವಾದ ಪಡೆದು ಅವಳು ದೂರದ ಹಳ್ಳಿಯಲ್ಲಿ ಸ್ವಂತ ಚಿಕಿತ್ಸಾಲಯ ತೆರೆದಳು. ಮೂರು ದಿನ ಯಾರೂ ಆ ಕಡೆ ತಲೆಹಾಕಲಿಲ್ಲ. ನಾಲ್ಕನೆಯ ಬೆಳಗ್ಗೆ ಒಬ್ಬ ನೇಕಾರ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಡತಿಯನ್ನು ಗಾಡಿಯಲ್ಲಿ ಕರೆತಂದ. ದಾದಿ ಹೊಟ್ಟೆ ಮುಟ್ಟಿ ನೋಡಿದಳು. ಮಗು ಅಡ್ಡಲಾಗಿತ್ತು. ಇದು ಇಲ್ಲಿ ಆಗುವ ಹೆರಿಗೆಯಲ್ಲವೆಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಆದರೆ ಮೊದಲ ರೋಗಿಯನ್ನೇ ಸಾಗಹಾಕಿದರೆ ಊರು ಏನೆಂದೀತು ಎಂಬ ಅಳುಕು ಅವಳ ಬಾಯಿ ಕಟ್ಟಿತು.

"ಅಕ್ಕಾರ, ಪಟ್ಟಣಕ್ಕ ಒಯ್ಯಬೇಕೇನ್ರಿ?" ಎಂದು ನೇಕಾರ ಕೇಳಿದ.

"ಏನೂ ಬ್ಯಾಡ, ಸ್ವಲ್ಪ ತಡಿ. ನಾ ಅದೀನಲ್ಲ."

ನೇಕಾರ ನಂಬಿದ. ನೊಗ ಇಳಿಸಿ ಎತ್ತುಗಳನ್ನು ನೆರಳಿಗೆ ಕಟ್ಟಿದ. ದಾದಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಮಧ್ಯಾಹ್ನ ಕಳೆಯಿತು. ಹೊತ್ತು ಇಳಿಯುವಾಗ, ಗಾಡಿ ಹೂಡು ಎಂದಳು. ಊರ ಗಡಿ ದಾಟುವ ಮೊದಲೇ ತಾಯಿ, ಹೊಟ್ಟೆಯೊಳಗಿನ ಮಗು ಇಬ್ಬರೂ ಹೋದರು.

ಮಣ್ಣು ಮುಗಿಸಿ ಬಂದ ನೇಕಾರ ಅವಳ ಬಾಗಿಲಲ್ಲಿ ನಿಂತು ಕೈಮುಗಿದ. "ನಿಮ್ಮ ಕೈಲಾದದ್ದೆಲ್ಲಾ ಮಾಡಿದ್ರಿ, ಅಕ್ಕಾರ" ಎಂದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅಂದೇ ಚಿಕಿತ್ಸಾಲಯ ಮುಚ್ಚಿದಳು. ಬದುಕಿರುವ ತನಕ ಮತ್ತೆ ಯಾರ ನಾಡಿಯನ್ನೂ ಹಿಡಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಗೆ ಸತ್ತವಳ ಬಗ್ಗೆ ಮರುಕ, ದಾದಿಯ ಮೇಲೆ ಸಿಟ್ಟು, ಎರಡೂ ಒಟ್ಟಿಗೇ ಉಕ್ಕಿ ಬಂದವು.

"ನಾನಾಗಿದ್ದರೆ ಆ ಗಳಿಗೆಯಲ್ಲೇ ಪಟ್ಟಣಕ್ಕೆ ಕಳುಹಿಸಿಬಿಡುತ್ತಿದ್ದೆ, ಗುರುಗಳೇ" ಎಂದಳು.

ಗುರುಗಳು ಅವಳನ್ನೇ ನೋಡುತ್ತ ಕೇಳಿದರು: "ಮಗಳೇ, ಈ ಆರು ವರ್ಷಗಳಲ್ಲಿ ನೀನು ನನ್ನೆದುರು 'ನನಗೆ ಗೊತ್ತಿಲ್ಲ' ಎಂದದ್ದು ಎಷ್ಟು ಸಲ?"