ಕಂಡಕ್ಟರನ ಓಲ್ಡಾನ್

"ಗುರುಗಳೇ, ನಮ್ಮ ಜನರ ಬಾಯಿಗೆ ಬಿದ್ದ ಇಂಗ್ಲಿಷ್ ಪದ ನೆಟ್ಟಗೆ ಉಳಿಯುವುದಿಲ್ಲ. ಸ್ಟೇಷನ್ ಹೋಗಿ ಟೇಸನ್ ಆಗುತ್ತದೆ, ಬಲ್ಬ್ ಹೋಗಿ ಬಲ್ಪು ಆಗುತ್ತದೆ. ಬಲ್ಲವನು ಕೇಳಿ ಸುಮ್ಮನಿರಬೇಕೋ, ತಿದ್ದಬೇಕೋ?" ಎಂದು ಶಂಭುಲಿಂಗ ಕೇಳಿದ. ಅವನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವವನು. ಬಿಡುವಾದಾಗ ಗುರುಗಳ ಬಳಿಗೆ ಬರುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಸ್ ಕಂಡಕ್ಟರ್ ಇದ್ದ. ಹಳ್ಳಿಗಳ ಮೇಲೆ ಹಾದು ಪಟ್ಟಣಕ್ಕೆ ಹೋಗುವ ಬಸ್ಸು ಅವನದು. ಬಸ್ಸು ಹೊರಡಬೇಕಾದರೆ 'ರೈ ರೈ' ಎನ್ನುತ್ತಿದ್ದ. ನಿಲ್ಲಬೇಕಾದರೆ 'ಓಲ್ಡಾನ್' ಎಂದು ಕೂಗುತ್ತಿದ್ದ. ಆ ಕೂಗು ಬಿದ್ದರೆ ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು.

ಕಂಡಕ್ಟರನಿಗೆ ಒಬ್ಬಳೇ ಮಗಳು. ಪಟ್ಟಣದ ಕಾಲೇಜಿಗೆ ಅಪ್ಪನ ಬಸ್ಸಿನಲ್ಲೇ ಹೋಗಿ ಬರುತ್ತಿದ್ದಳು. ಒಂದು ದಿನ ಅವಳ ಜೊತೆ ಓದುವ, ಅದೇ ಬಸ್ಸಿನಲ್ಲಿ ಬರುವ ಹುಡುಗಿಯರು ಆ ಕೂಗನ್ನು ಅಣಕಿಸಿ ನಕ್ಕರು. ಅವಳಿಗೆ ತಲೆ ಎತ್ತಲಾಗಲಿಲ್ಲ. ಮನೆಗೆ ಬಂದು ಅಪ್ಪನಿಗೆ ಮೆತ್ತಗೆ ಹೇಳಿದಳು:

"ಅದು ಓಲ್ಡಾನ್ ಅಲ್ಲಪ್ಪ, ಹೋಲ್ಡ್ ಆನ್. ಬಿಡಿಸಿ ಹೇಳಬೇಕು. ಅಷ್ಟು ಜೋರಾಗಿ ಕಿರುಚಬಾರದು."

ಅಪ್ಪನಿಗೆ ಬೇಸರವಾಗಲಿಲ್ಲ. ಮಗಳು ಕಲಿತದ್ದು ತನಗೂ ಬರಲಿ ಎಂದು ಆಸೆಯಾಯಿತು. ಸ್ನಾನಕ್ಕೆ ನೀರು ಕಾಯಿಸುವಾಗ, ಊಟಕ್ಕೆ ಕೂತಾಗ ಅದನ್ನೇ ಹೇಳಿಕೊಂಡ. ಮಗಳು ತಲೆಯಾಡಿಸುವವರೆಗೂ ಬಿಡಲಿಲ್ಲ.

ಬಸ್ಸಿನಲ್ಲಿ ಹೊಸ ಮಾತು ಶುರುವಾಯಿತು. ಡ್ರೈವರ್ ಆಗಾಗ ಸ್ಟಾಪು ದಾಟಿಸಿಬಿಡುತ್ತಿದ್ದ. ಇಳಿಯಬೇಕಾದವರು ಗೊಣಗಿಕೊಂಡು ಹಿಂದಕ್ಕೆ ನಡೆಯುತ್ತಿದ್ದರು. ಕಂಡಕ್ಟರ್ ಮಾತ್ರ ಪ್ರತಿ ಸಲವೂ ಮಗಳ ಮುಖ ನೋಡಿ ಹಿಗ್ಗುತ್ತಿದ್ದ.

ಸಂತೆಯ ದಿನ ಬಸ್ಸು ಸ್ಟ್ಯಾಂಡಿನಲ್ಲಿ ಹಿಂದಕ್ಕೆ ಬರುತ್ತಿತ್ತು. ಕಂಡಕ್ಟರ್ ಕೆಳಗಿಳಿದು, ಅಷ್ಟು ದೂರದಲ್ಲಿ ನಿಂತು, ಡ್ರೈವರನಿಗೆ ದಾರಿ ಹೇಳುತ್ತಿದ್ದ. ಆಗ ಕಡಲೆಕಾಯಿ ಮಾರುವ ಮುದುಕಿಯೊಬ್ಬಳ ಬುಟ್ಟಿ ಬಸ್ಸಿನ ಹಿಂದೆಯೇ ಉರುಳಿಬಿತ್ತು. ಅವಳು ಬಗ್ಗಿ ಕಡಲೆಕಾಯಿ ಬಾಚತೊಡಗಿದಳು. ಸಂತೆಯ ಗದ್ದಲದಲ್ಲಿ ಬಸ್ಸು ಹತ್ತಿರ ಬರುತ್ತಿದ್ದುದು ಅವಳ ಗಮನಕ್ಕೆ ಬರಲಿಲ್ಲ.

ಕಂಡಕ್ಟರ್ "ಹೋಲ್ಡ್ ಆನ್" ಎಂದ. ಬಸ್ಸು ನಿಲ್ಲಲಿಲ್ಲ. ಇನ್ನೊಮ್ಮೆ, ಇನ್ನೂ ಬಿಡಿಸಿ ಹೇಳಿದ. ಬಸ್ಸು ಬರುತ್ತಲೇ ಇತ್ತು. ಆ ಗಾಬರಿಯಲ್ಲಿ ಅವನ ಬಾಯಿಂದ ಹೊಸ ಮಾತೂ ಹೊರಡಲಿಲ್ಲ, ಹಳೆಯದೂ ಹೊರಡಲಿಲ್ಲ. ಮುದುಕಿಯ ಕಡೆಗೆ ಓಡಿದ.

ಹಿಂದಿನ ಸೀಟಿನಲ್ಲಿದ್ದ ಮಗಳು ಗಾಜಿನಿಂದ ಅದನ್ನು ಕಂಡಳು. ದಡಕ್ಕನೆ ಎದ್ದು, ಇದ್ದ ಉಸಿರೆಲ್ಲ ಹಾಕಿ ಕೂಗಿದಳು.

"ಓಲ್ಡಾನ್! ಓಲ್ಡಾನ್!"

ಬಸ್ಸು ಗಕ್ಕನೆ ನಿಂತಿತು. ಒಳಗೆ ನಿಂತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಮುದುಕಿಗೂ ಬಸ್ಸಿಗೂ ನಡುವೆ ಒಂದು ಗೇಣು ಜಾಗವಿತ್ತು. ಕಂಡಕ್ಟರ್ ಅವಳ ರಟ್ಟೆ ಹಿಡಿದು ಈಚೆಗೆ ಎಳೆದುಕೊಂಡ.

ಡ್ರೈವರ್ ಇಳಿದು ಬಂದ. "ನೀನು 'ಹೋಗೋಣ, ಹೋಗೋಣ' ಅಂದಂಗೆ ಕೇಳಿಸ್ತಲ್ಲಯ್ಯ!" ಎಂದ.

ಯಾರೂ ಯಾರನ್ನೂ ಬೈಯಲಿಲ್ಲ. ಪ್ರಯಾಣಿಕರು ಇಳಿದು ಕಡಲೆಕಾಯಿ ಆರಿಸಿ ಬುಟ್ಟಿಗೆ ತುಂಬಿದರು. ಅಣಕಿಸಿದ್ದ ಹುಡುಗಿಯರೂ ಆರಿಸಿದರು. ಮುದುಕಿ ಬೇಡ ಬೇಡವೆಂದರೂ ಬಿಡದೆ ಎಲ್ಲರ ಕೈಗೂ ಒಂದೊಂದು ಹಿಡಿ ಹಾಕಿದಳು.

ಊರಿಗೆ ಮರಳುವಾಗ ಮಗಳು ಅಪ್ಪನ ಪಕ್ಕದಲ್ಲಿ ಬಂದು ಕೂತಳು.

"ಬಸ್ಸಲ್ಲಿ ನೀನು ಮೊದಲಿನ ಹಾಗೇ ಕೂಗಪ್ಪ."

"ಆಗಲಿ ಕಣಮ್ಮ. ನೀನು ಕಲಿಸಿದ್ದನ್ನೂ ಬಿಡಲ್ಲ, ಮನೇಲಿ ಹೇಳ್ತೀನಿ," ಎಂದು ಅಪ್ಪ ನಕ್ಕ. ಅಷ್ಟರಲ್ಲಿ ಸ್ಟಾಪು ಬಂತು. ಅವನು ಎದ್ದು ಕೂಗಿದ. ಇಳಿಯುವವರು ಇಳಿಯಬೇಕಾದ ಕಡೆಯಲ್ಲೇ ಇಳಿದರು.

ಗುರುಗಳು ಕತೆ ಮುಗಿಸಿದರು. ಶಂಭುಲಿಂಗನಿಗೆ ಕತೆ ಹಿಡಿಸಿತು. ಆದರೂ ಕೇಳಿದ: "ಎಲ್ಲ ಸರಿ ಗುರುಗಳೇ. ಆ ಎರಡರಲ್ಲಿ ಶುದ್ಧವಾದ ಮಾತು ಯಾವುದು ಎಂದು ತಾವು ಹೇಳಲೇ ಇಲ್ಲ."

"ಬಸ್ಸಿನ ಹಿಂದೆ ಬಗ್ಗಿದ್ದವಳನ್ನು ಕೇಳು," ಎಂದರು ಗುರುಗಳು.