ಗಾಳಿಗೆ ಅಡ್ಡ

ಚೆಲುವರಾಜ ಕಾವೇರಿ ದಂಡೆಯ ಆಶ್ರಮಕ್ಕೆ ಬಂದಾಗ ಬೆಳಗಿನ ಗಾಳಿ ಜೋರಾಗಿತ್ತು. ಕೂರು ಎಂದರೆ ಕೂರಲಿಲ್ಲ. ಆರೂವರೆ ಅಡಿ ಆಳು, ಅಂಗಾಲು ಸುಟ್ಟ ಬೆಕ್ಕಿನಂತೆ ಅಂಗಳದ ತುಂಬ ಓಡಾಡಿದ.

ಬೋರಯ್ಯ ಮೇಷ್ಟ್ರು ಹಿಂದೆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಇವನ ಕೈಗೆ ಮೊದಲು ಬ್ಯಾಸ್ಕೆಟ್‌ಬಾಲ್ ಕೊಟ್ಟವರು ಅವರೇ. ಈಗ ಆಶ್ರಮಕ್ಕೆ ಬಂದವರಿಗೆ ಗಂಜಿ ಕಾಯಿಸುತ್ತಾರೆ.

“ಹನ್ನೊಂದು ವರ್ಷ ಫಾರ್ವರ್ಡ್ ಆಡಿದೀನಿ ಮೇಷ್ಟ್ರೇ, ಆರು ತಂಡಕ್ಕೆ. ಬುಟ್ಟಿಗೆ ಚೆಂಡು ಹಾಕೋದೇ ನನ್ನ ಕೆಲಸ. ಈಗ ಅದನ್ನ ಹೊಸಬ ಹಾಕ್ತಾನಂತೆ. ಅವನನ್ನ ತಡೆಯೋಕೆ ಬರೋರಿಗೆ ನಾನು ಗೋಡೆ ಥರ ಅಡ್ಡ ನಿಲ್ಲಬೇಕಂತೆ. ಒಪ್ಪಿದ್ರೆ ಇನ್ನೊಂದು ವರ್ಷ, ಇಲ್ಲಾಂದ್ರೆ ಮನೆಗೆ.”

“ಸರಿ, ನಿಂತ್ಕೊ.”

“ಅದೂ ಬರ್ತಿಲ್ವಲ್ಲ! ಅಡ್ಡ ನಿಂತವನು ಅಲ್ಲಾಡಿದ್ರೆ ಫೌಲ್. ಚೆಂಡು ಬಿತ್ತಾ ಅಂತ ನೋಡೋಕೆ ತಿರುಗಿಬಿಡ್ತೀನಿ. ಹಾಗೆ ನಿಂತು ನೋಡಿದ ಐದು ಪಂದ್ಯದಲ್ಲೂ ಅದೇ ಫೌಲ್.”

ಮೇಷ್ಟ್ರು ಕಟ್ಟೆಯ ಮೇಲಿನ ಒಲೆಗೆ ಸೌದೆ ಜೋಡಿಸುತ್ತಿದ್ದರು.

“ಮಧ್ಯಾಹ್ನದೊಳಗೆ ತಂಡದವರಿಗೆ ಹೇಳಬೇಕು ಮೇಷ್ಟ್ರೇ. ಆಟ ಬಿಟ್ರೆ ನಾನು ಯಾರು ಅನ್ನೋದೇ ನನಗೆ ಗೊತ್ತಿಲ್ಲ.”

ಊರೆಲ್ಲ ಹೊಗಳಿದ ಆಟಗಾರನಿಗೆ ನಿಜಕ್ಕೂ ಭಯವಾಗಿತ್ತು.

ಮೇಷ್ಟ್ರು ಕಡ್ಡಿ ಗೀರಿದರು. ಗಾಳಿಗೆ ಆರಿತು.

“ಬಾ ಇಲ್ಲಿ. ಒಲೆಗೆ ಬೆನ್ನು ಕೊಟ್ಟು, ಹೊಳೆ ಕಡೆ ಮುಖ ಮಾಡಿ ನಿಂತ್ಕೊ.”

ನಿಂತ. ಬೆನ್ನ ಹಿಂದೆ ಕಡ್ಡಿ ಗೀರಿದ ಸದ್ದಾಯಿತು. ತಡೆಯಲಾರದೆ ತಿರುಗಿ ನೋಡಿದ. ಅವನು ಸರಿದ ಸಂದಿಯಿಂದ ಗಾಳಿ ನುಗ್ಗಿತು, ಕಡ್ಡಿ ಆರಿತು.

“ಫೌಲ್,” ಎಂದರು ಮೇಷ್ಟ್ರು.

ಮತ್ತೆ ನಿಂತ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ತಂಡದವರದು. ತೆಗೆಯಲು ಬಗ್ಗಿದ. ಹಿಂದೆ ಗೀರಿದ್ದ ಕಡ್ಡಿ ಮತ್ತೆ ಆರಿತು.

“ಇದೂ ಫೌಲೇ. ಇರೋದು ಇನ್ನೊಂದೇ ಕಡ್ಡಿ ಕಣಯ್ಯ. ಆಚೆ ಹನ್ನೆರಡು ಜನ ಹಸ್ಕೊಂಡು ಕೂತವ್ರೆ.”

ಚೆಲುವರಾಜ ಕಾಲೂರಿ ನಿಂತ. ಎದುರುಗಾಳಿಗೆ ಕಣ್ಣಲ್ಲಿ ನೀರು ಬಂತು. ಪಾದಗಳು ತುರಿಸಿದವು. ಫೋನು ಮತ್ತೆ ಬಡಿದುಕೊಂಡು ಸುಮ್ಮನಾಯಿತು. ಹಿಂದೆ ಕಡ್ಡಿ ಗೀರಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ತಿರುಗಬೇಕೆಂದು ಮೈಯೆಲ್ಲ ಎಳೆಯುತ್ತಿತ್ತು. ತಿರುಗಲಿಲ್ಲ.

“ಹತ್ತಿತಾ ಮೇಷ್ಟ್ರೇ?”

ಹಿಂದೆ ಸೌದೆ ಸರಿಸಿದ ಸದ್ದಷ್ಟೇ ಬಂತು.

“ಒಂದು ಮಾತು ಹೇಳಿ, ನಿಮ್ಮ ದಮ್ಮಯ್ಯ. ಒಲೆ ಹತ್ತಿತಾ?”

“ನನ್ನನ್ಯಾಕೆ ಕೇಳ್ತೀಯ? ನಿನ್ನ ಬೆನ್ನನ್ನ ಕೇಳು.”